ಬ್ರುಂಡಾ ಬೆಸೆದ ಸರಪಳಿ

ಇಪ್ಪತ್ತೆರಡು ವರ್ಷಗಳಿಂದ ಬ್ರುಂಡಾ ಬಡಿದ ಕಬ್ಬಿಣದ ಮೇಲೆಲ್ಲ ಅವಳ ಗುರು ಓಸ್ಕೆಲ್‌ನ ಗುರುತೇ ಬೀಳುತ್ತಿತ್ತು. ಗಂಡು ಹೆಣ್ಣೆನ್ನದೆ ಗಡ್ಡ ಬಿಡುವ ಬೆಟ್ಟದೊಳಗಿನ ಕುಳ್ಳರಲ್ಲಿ ಸ್ವಂತ ಗುರುತಿಲ್ಲದ ಕಮ್ಮಾರರು ಇದ್ದೂ ಇಲ್ಲದಂತೆ. ಮುದುಕನ ಕೈ ನಡುಗತೊಡಗಿ ಎಷ್ಟೋ ಕಾಲವಾಗಿತ್ತು. ಸುತ್ತಿಗೆ ಎತ್ತುವವಳು ಇವಳು, ಬೆವರು ಸುರಿಸುವವಳು ಇವಳು, ಹೊಗಳಿಸಿಕೊಳ್ಳುವವನು ಅವನು.

"ಗಡ್ಡ ನರೀತಾ ಬಂತಲ್ಲೇ ಬ್ರುಂಡಾ, ಇನ್ನೂ ತಿದಿ ಒತ್ತೋದೇ ಆಯ್ತಾ ನಿನ್ ಬಾಳು?" ಎಂದು ಗಣಿಬಾಯಿಯ ರಾಟೆ ತಿರುಗಿಸುವ ಹಾಲ್ವರ್ ಎಲ್ಲರೆದುರು ಹಲ್ಲು ಕಿರಿದ. ಅವಳೂ ನಕ್ಕಳು. ಮನೆಗೆ ಬಂದು ಅತ್ತಳು. ಓಸ್ಕೆಲ್ ಸಾಯಬೇಕು ಎಂದು ತೀರ್ಮಾನಿಸಿದ್ದು ಆವತ್ತೇ.

ಆಳದ ಬೆಳ್ಳಿಗಣಿಗೆ ಜನರನ್ನು ಇಳಿಸುವ ಬುಟ್ಟಿಗೆ ಹೊಸ ಸರಪಳಿ ಬೇಕಾಗಿತ್ತು. ಹೊಸ ಸರಪಳಿಯ ಮೇಲೆ ಯಾರ ಗುರುತಿದೆಯೋ ಅವರೇ ಮೊದಲು ಬುಟ್ಟಿ ಹತ್ತಿ ಒಬ್ಬರೇ ಇಳಿಯಬೇಕು. ಅಜ್ಜಂದಿರ ಕಾಲದಿಂದಲೂ ಅದು ಹಾಗೇ. ಸರಪಳಿ ತುಂಡಾದರೆ ವಿಚಾರಣೆಯೂ ಇಲ್ಲ. ತನ್ನ ಕೆಲಸಕ್ಕೆ ತಾನೇ ಬಲಿಯಾದವನ ವಿಷಯದಲ್ಲಿ ಇನ್ಯಾರನ್ನು ಹಿಡಿಯುವುದು? ಕೊಲೆ ಮಾಡಿದವರನ್ನು ಬೆಟ್ಟದ ಹೊರಗೆ ಬಿಸಿಲಿಗೆ ನಿಲ್ಲಿಸಿ ಕಲ್ಲಾಗಿಸುತ್ತಾರೆ ನಿಜ, ಆದರೆ ಇಲ್ಲಿ ಕೊಲೆಯೇ ಕಾಣಿಸುವುದಿಲ್ಲವಲ್ಲ.

ಮಧ್ಯದ ಒಂದು ಕೊಂಡಿಯನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿ, ಹಿಮದ ನೀರಿಗೆ ಅದ್ದಿದಳು. ಕಬ್ಬಿಣ ಗಾಜಿನಷ್ಟೇ ಪೆಡಸಾಯಿತು. ಮೇಣ, ಮಸಿ ಬಳಿದ ಮೇಲೆ ಬೇರೆ ಕೊಂಡಿಗಳಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯದು. ಅರ್ಧ ದಾರಿಯಲ್ಲಿ ಬುಟ್ಟಿ ಬಂಡೆಗೆ ತಾಗಿ ಒಮ್ಮೆ ಜಗ್ಗುತ್ತದೆ, ಅಷ್ಟು ಸಾಕು. ಬೇಕೆಂದೇ ಕೆಟ್ಟ ಕೆಲಸ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ತುಂಬಾ ಸಂಕಟವಾಯಿತು. ಮುದುಕನಿಗಾಗಿ ಅಲ್ಲ, ಕಬ್ಬಿಣಕ್ಕಾಗಿ ಎಂದು ತನಗೆ ತಾನೇ ಹೇಳಿಕೊಂಡಳು.

"ಉಣ್ಣೇ ತಾಯಿ, ಆರಿ ಹೋಗ್ತದೆ," ಎಂದು ಓಸ್ಕೆಲ್ ಬಾರ್ಲಿ ಗಂಜಿಯ ಬಟ್ಟಲು ತಂದಿಟ್ಟ. ಅರ್ಧ ಗಂಜಿ ದಾರಿಯಲ್ಲೇ ಚೆಲ್ಲಿತ್ತು. ಅವಳು ಅವನ ಮುಖ ನೋಡದೆ ಉಂಡಳು.

ಇಳಿಯುವ ದಿನ ಗಣಿಬಾಯಿಯ ಸುತ್ತ ಜನ ಕಿಕ್ಕಿರಿದಿದ್ದರು. ಓಸ್ಕೆಲ್ ಗಡ್ಡಕ್ಕೆ ಎಣ್ಣೆ ಹಚ್ಚಿ, ಹಬ್ಬದ ಚರ್ಮದಂಗಿ ತೊಟ್ಟು ಬಂದಿದ್ದ. ಬ್ರುಂಡಾ ಸರಪಳಿಯನ್ನು ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ಸವರಿ ನೋಡಿದಳು. ಎಲ್ಲವೂ ಅಂದುಕೊಂಡಂತೆಯೇ ಇತ್ತು.

ಓಸ್ಕೆಲ್ ಬುಟ್ಟಿಯ ಬಾಗಿಲು ತೆರೆದ. ಒಳಗೆ ಕಾಲಿಡದೆ ಪಕ್ಕಕ್ಕೆ ಸರಿದ. "ಹತ್ತಮ್ಮ," ಎಂದ, ಕಣ್ಣೊರೆಸಿಕೊಳ್ಳುತ್ತ. "ಇಷ್ಟ್ ವರ್ಷ ನಿನ್ ಹೆಸರು ತಿಂದು ಬದುಕ್ದೆ, ತಪ್ಪಾಯ್ತು. ನಿನ್ ಗುರುತು ನಿನ್ನೆ ನಾನೇ ಹೊಡ್ದೆ. ಕೈ ನಡುಗಿ ಸ್ವಲ್ಪ ಸೊಟ್ಟ ಆಗಿದೆ, ಬೈಬೇಡ." ಬ್ರುಂಡಾ ತಲೆಯೆತ್ತಿದಳು. ಒಂದೊಂದು ಕೊಂಡಿಯನ್ನೂ ಮುಟ್ಟಿ ನೋಡಿದವಳು ಗುರುತು ಬೀಳುವ ಮೇಲಿನ ಬಳೆಯೊಂದನ್ನು ಮಾತ್ರ ನೋಡಿರಲಿಲ್ಲ. ತನ್ನ ಕೆಲಸದ ಮೇಲೆ ಅವನ ಗುರುತನ್ನು ನೋಡಲಾರದೆ ಅವಳು ಅತ್ತ ಕಣ್ಣು ಹಾಯಿಸುವುದನ್ನೇ ಎಂದೋ ಬಿಟ್ಟಿದ್ದಳು. ಹಾಲ್ವರ್ ಟೊಪ್ಪಿಗೆ ತೆಗೆದು ಅವಳ ಹೆಸರು ಕೂಗಿದ. ಜನರೆಲ್ಲ ಕೂಗಿದರು. ಬೇಡವೆಂದರೆ ಕಾರಣ ಹೇಳಬೇಕಿತ್ತು, ಕಾರಣ ಹೇಳಿದರೆ ಹೊರಗೆ ಬಿಸಿಲು ಕಾದಿತ್ತು. ಓಸ್ಕೆಲ್ ಕೈ ಹಿಡಿದು ಅವಳನ್ನು ಬುಟ್ಟಿಗೆ ಹತ್ತಿಸಿದ.