ಇಪ್ಪತ್ತೆರಡು ಪರ್ಸೆಂಟ್ ಚಾರ್ಜು

ಚಾರ್ಜರ್ ಕೇಬಲ್ಲನ್ನು ಯಾರೋ ಕಿತ್ತು ಕಂಬದ ಕೊಕ್ಕೆಗೆ ಒಪ್ಪವಾಗಿ ಸಿಕ್ಕಿಸಿದ್ದರು. ಎಲೆಕ್ಟ್ರಿಕ್ ಪಿಕಪ್ಪಿನ ಪರದೆಯ ಮೇಲೆ ಇಪ್ಪತ್ತೆರಡು ಪರ್ಸೆಂಟ್. ಎಂಟಕ್ಕೆ ಚಾರ್ಜಿಗೆ ಹಾಕಿ ತಿಂಡಿಗೆ ಹೋದಾಗ ಹದಿನೆಂಟಿತ್ತು. ಈಗ ಒಂಬತ್ತು ಗಂಟೆ.

ಗಾರ್ತ್ ಹಾಲ್ವರ್ಸನ್‌ಗೆ ಮೈ ಉರಿದುಹೋಯಿತು. ಕಣಿವೆಯ ಅಂಚಿಗೆ ನೂರು ಮೈಲಿ. ನಡುವೆ ಒಂದೂ ಚಾರ್ಜರ್ ಇಲ್ಲ. ಹನ್ನೊಂದಕ್ಕೆ ಅಲ್ಲಿನ ರೇಂಜರ್ ಕಚೇರಿ ಮುಟ್ಟದಿದ್ದರೆ, ನಾಲ್ಕು ವರ್ಷ ಕಾದು ಪಡೆದ ಚಾರಣದ ಪರವಾನಗಿ ಇನ್ನೊಬ್ಬರ ಪಾಲು.

ಪಕ್ಕದಲ್ಲಿ ಡೀಸೆಲ್ ಗಾಡಿಯ ದನಗಾಹಿ ಡೆಲ್ ಪ್ರೂಯಿಟ್ ನಿಂತಿದ್ದ. ಬೆಳಿಗ್ಗೆಯೇ ಕೆಣಕಿದ್ದ: "ನಿಮ್ ಗಾಡಿ ಹಾಲು ಕುಡಿದು ಮುಗ್ಸೋದ್ರೊಳಗೆ ನಾನು ಊರು ಮುಟ್ಟಿರ್ತೀನಿ, ಯಜಮಾನ್ರೇ." ಗಾರ್ತ್ ಅವನ ಕೊರಳಪಟ್ಟಿಗೆ ಕೈ ಹಾಕಿದ.

ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಪೊಲೀಸ್ ಅಧಿಕಾರಿ ಲೆನೋರಾ ಟ್ಸೊ ಬಂದು ಬಿಡಿಸಿದಳು. ತಾನು ಕೇಬಲ್ ಮುಟ್ಟಿಲ್ಲವೆಂದು ಡೆಲ್ ಆಣೆ ಮಾಡಿದ. ನೋಡಿದವರು ಯಾರೂ ಇರಲಿಲ್ಲ.

"ಗಾಡಿ ಲಾಕ್ ಮಾಡಿದ್ರಾ?" ಲೆನೋರಾ ಗಾರ್ತ್‌ನನ್ನು ಕೇಳಿದಳು.

"ಮಾಡಿದ್ದೆ. ಬಂದಾಗ್ಲೂ ಲಾಕ್ ಆಗೇ ಇತ್ತು."

"ಕೊಂಡು ಎಷ್ಟು ದಿನ?"

"ಮೂರು ವಾರ."

ಕೇಬಲ್ ಮತ್ತೆ ಸಿಕ್ಕಿಸಿ, ಲಾಕ್ ಮಾಡಿ, ದೂರ ನಿಲ್ಲಲು ಅವಳು ಗಾರ್ತ್‌ಗೆ ಹೇಳಿದಳು. ಆಮೇಲೆ ಡೆಲ್ ಕಡೆ ತಿರುಗಿ, "ಈಗ ಕೀಳಿ" ಎಂದಳು.

ಡೆಲ್ ಎರಡೂ ಕೈಯಲ್ಲಿ ಎಳೆದ. ಅದು ಅಲುಗಲಿಲ್ಲ.

"ಗುಂಡಿ ಒತ್ತಿ ಚಾರ್ಜ್ ಯಾರು ಬೇಕಾದ್ರೂ ನಿಲ್ಲಿಸಬಹುದು. ಆದ್ರೆ ಲಾಕ್ ಆದ ಗಾಡಿ ಕೇಬಲ್ ಬಿಡಲ್ಲ. ಲಾಕ್ ತೆಗೆದೇ ಕಿತ್ತಿದ್ದಾರೆ. ನಿಮ್ಮ ಫೋನೇ ಇದರ ಕೀ. ಇನ್ನೊಂದು ಕೀ ಯಾರ ಹತ್ರ ಇದೆ?"

ಗಾರ್ತ್ ಎದುರಿನ ಲಾಂಡ್ರಿಯಿಂದ ರಸ್ತೆ ದಾಟಿ ಬಂದಿದ್ದ ಹೆಂಡತಿ ಬ್ರಿಟಾಳನ್ನು ನೋಡಿದ.

"ಕೇಬಲ್ ತೆಗೆದದ್ದು ನೀವು," ಎಂದಳು ಲೆನೋರಾ.

"ಹೌದು, ನಾನೇ."

ಗಂಡ ತಿಂಡಿಗೆ ಹೋದೊಡನೆ ಆಸ್ಪತ್ರೆಯಿಂದ ಅವಳಿಗೆ ಫೋನ್ ಬಂದಿತ್ತು. ಹೃದಯದ ಕವಾಟ ಕಿರಿದಾಗಿದೆ, ಆಪರೇಷನ್ ಆಗುವವರೆಗೆ ಬೆಟ್ಟ ಕಣಿವೆ ಹತ್ತಿಳಿಯಕೂಡದು ಎಂದು ವೈದ್ಯರು ಗಾರ್ತ್‌ಗೆ ತಿಂಗಳ ಹಿಂದೆಯೇ ಹೇಳಿದ್ದರಂತೆ. ಅವನು ಮನೆಯಲ್ಲಿ, ಎಲ್ಲ ಚೆನ್ನಾಗಿದೆ ಎಂದಿದ್ದ.

"ಜಗಳ ಆಡಿದ್ರೆ ನೀನು ಹೊರಟೇಬಿಡ್ತಿದ್ದೆ, ಗಾರ್ತ್. ಚಾರ್ಜ್ ಇಲ್ಲದ ಗಾಡಿ ಜೊತೆ ಏನಂತ ಜಗಳ ಆಡ್ತೀಯ?"

ಗಾರ್ತ್ ಡೆಲ್‌ನ ಕ್ಷಮೆ ಕೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಆಪರೇಷನ್ ಯಾವತ್ತಂತೆ?"

"ಸೋಮವಾರ."