ಮುಜಮ್ಮಿಲನ ವಜೂ

“ನಳ ಬಂದ್ ಮಾಡೋ, ನೀರಿನ ನವಾಬಾ,” ಅಂದ ಜೊತೆಯ ಹುಡುಗ ಬಂದೇನವಾಜ.

ಮುಜಮ್ಮಿಲ ಕೇಳಿಸಿಕೊಳ್ಳಲಿಲ್ಲ. ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆಯುವ ವಜೂ ಅವನಿಗೆ ಮುಗಿಯುತ್ತಲೇ ಇರಲಿಲ್ಲ. ಅಂಗೈಯನ್ನು ತಿಕ್ಕಿ ತೊಳೆದ. ಸಂಶಯ ಬಂತು, ಮತ್ತೆ ತೊಳೆದ. ಅಷ್ಟರಲ್ಲಿ ನಳ ಗೊರಗೊರ ಎಂದು ನಿಂತುಹೋಯಿತು.

ಕಾಸಾರಶಿರಸಿಯ ಹೊರಗಿದ್ದ ಆ ಮದರಸಾದಲ್ಲಿ ಬೋರಿನ ಮೋಟಾರು ಬೆಳಿಗ್ಗೆಯೇ ಸುಟ್ಟಿತ್ತು. ಟಾಕಿಯಲ್ಲಿ ಉಳಿದ ನೀರನ್ನು ಎಲ್ಲರೂ ತಂಬಿಗೆಯಲ್ಲಿ ಹಿಡಿದು ಬಳಸಬೇಕೆಂದು ಪಾಠ ಹೇಳುವ ಹಾಫಿಜ್‌ಸಾಬರು ಹೇಳಿದ್ದರು. ಈಗ ಅಡಿಗೆಮನೆಯ ಕೊಡಗಳಲ್ಲಿ ಕುಡಿಯುವಷ್ಟು ಮಾತ್ರ ಇತ್ತು. ಹುಡುಗರೆಲ್ಲ ಸಿಟ್ಟಿನಿಂದ ಅವನನ್ನೇ ನೋಡಿದರು.

“ನೀರು ಹಾಳಾಗಿಲ್ಲರೀ ಉಸ್ತಾದ, ಗಿಡಕ್ಕೇ ಹೋಗ್ಯಾದ,” ಅಂದ ಮುಜಮ್ಮಿಲ.

ಹಾಫಿಜ್‌ಸಾಬರು ಬೈಯಲಿಲ್ಲ. ವಜೂ ನೀರು ಹರಿದುಹೋಗುವ ಪಪ್ಪಾಯಿ ಮಡಿಗೆ ಅವನನ್ನು ಕರೆದೊಯ್ದರು. ಎಲೆಗಳು ಹಳದಿಯಾಗಿದ್ದವು. ನಿಂತ ನೀರಿನಲ್ಲಿ ಬುಡ ಕೊಳೆಯುತ್ತಿತ್ತು. ಅವರು ಕೋಲಿನಿಂದ ಬದು ಬಿಡಿಸಿ ನೀರನ್ನು ಹೊರಗೆ ಹರಿಸಿದರು.

“ಹರಿಯೋ ಹೊಳಿ ದಂಡಿಗಿ ಕುಂತ್ರೂ ವಜೂಕ್ಕ ನೀರು ಹೆಚ್ಚಿಗಿ ಚೆಲ್ಲಬಾರದು ಅಂದಾರ ನಮ್ಮ ಹುಜೂರರು, ಪೈಗಂಬರರು. ನಿನಗ ಏನಾಗ್ಯಾದ ಬೇಟಾ?”

ಮುಜಮ್ಮಿಲ ತನ್ನ ಅಂಗೈ ನೋಡಿಕೊಂಡ. ರಮಜಾನಿಗೆ ಮುಂಚೆ ಅವನ ಅಬ್ಬಾ ತೀರಿಹೋಗಿದ್ದರು. ಎಲ್ಲರಂತೆ ಅವನೂ ಕಬರಿಗೆ ಹಿಡಿ ಮಣ್ಣು ಹಾಕಿದ್ದ.

“ಆ ಮಣ್ಣು ಇನ್ನಾ ಕೈಗಿ ಹತ್ತಿದಂಗ ಅನಸ್ತದರೀ. ಹೊಲಸ ಕೈಲೆ ದುವಾ ಕೇಳಿದ್ರ ಅಬ್ಬಾಗ ಮುಟ್ಟಂಗಿಲ್ಲ.”

ಹಾಫಿಜ್‌ಸಾಬರು ಕೋಲು ಕೆಳಗಿಟ್ಟರು. ಆಮೇಲೆ ಹುಡುಗರನ್ನೆಲ್ಲ ಕರೆದರು. ಇದ್ದ ನೀರು ಕುಡಿಯುವುದಕ್ಕಿರಲಿ, ಇವತ್ತು ತಯಮ್ಮುಮ್ ಮಾಡೋಣ ಎಂದರು. ನೀರಿಲ್ಲದಾಗ ಶುದ್ಧವಾದ ಮಣ್ಣು ಮುಟ್ಟಿ ಮುಖಕ್ಕೂ ಕೈಗೂ ಸವರಿಕೊಂಡರೆ ಸಾಕು, ನಮಾಜಿಗೆ ನಿಲ್ಲಬಹುದು.

“ಮಣ್ಣೀಲೆ ಏನ್ರೀ?” ಮುಜಮ್ಮಿಲ ಹಿಂದೆ ಸರಿದ.

“ಮಣ್ಣೀಲೇ. ಅಲ್ಲಾಹನ ಹುಕುಮ್ ಅದ. ಮಣ್ಣು ಹೊಲಸಿದ್ದರ ನಿಮ್ಮ ಅಬ್ಬಾಗ ಅದರಾಗ ಮಲಗಸ್ತಿದ್ದೆವೇನು?”

ಹುಡುಗರು ಅಂಗಳದ ಒಣ ನೆಲದಲ್ಲಿ ಕೂತರು. ಎಲ್ಲರಿಗಿಂತ ಕೊನೆಗೆ ಮುಜಮ್ಮಿಲ ಎರಡೂ ಅಂಗೈ ಕೆಳಗಿಟ್ಟ. ಬಿಸಿಲಿಗೆ ಕಾದ ಕಪ್ಪು ಮಣ್ಣು ಸಂಜೆಯಾದರೂ ಬೆಚ್ಚಗಿತ್ತು. ಅವನು ಕೈಯನ್ನು ಬೇಗ ಎತ್ತಲಿಲ್ಲ. ಆಮೇಲೆ ಕೊಡವಿ ಮುಖಕ್ಕೆ ಸವರಿಕೊಂಡ. ಸಾಲಿನಲ್ಲಿ ಬಂದೇನವಾಜ ಸರಿದು ಜಾಗ ಕೊಟ್ಟ.

ನಮಾಜು ಮುಗಿಯಿತು. ಮುಜಮ್ಮಿಲ ದುವಾ ಕೇಳಲು ಕೈ ಎತ್ತಿದ. ಅಂಗೈಯ ಗೆರೆಗಳಲ್ಲಿ ಸಣ್ಣ ಧೂಳು ಉಳಿದಿತ್ತು. ಅದನ್ನು ಒರೆಸಿಕೊಳ್ಳದೆ, ಅಬ್ಬಾನ ಹೆಸರು ಹೇಳಿ ಮೆಲ್ಲಗೆ ಬೇಡತೊಡಗಿದ.