ಗುಂಡುಸೂಜಿಯ ಮೊನೆ

ಬೇಸಿಗೆಯ ಕೊನೆಯ ದಿನಗಳು. ಸೋಮವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಠಾಣೆಯ ಬೆಂಚಿನ ಮೇಲೆ ಇಬ್ಬರು ಹೆಂಗಸರು ಬಂದು ಕೂತರು. ಕಿರಿಯವಳು ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಹಿರಿಯವಳು ಅವಳ ಒಡಹುಟ್ಟಿದ ಅಕ್ಕ, ಮನೆಯಲ್ಲೇ ಹೊಲಿಯುವವಳು.

ತಂಗಿಯ ಕೈಯಲ್ಲಿ ತೆರಿಗೆ ಇಲಾಖೆಯದೆಂಬ, ಗುಂಡುಸೂಜಿ ಚುಚ್ಚಿದ ಎರಡು ಹಾಳೆಯ ನೋಟಿಸು. ತೆರಿಗೆ ವಂಚಿಸಿದ್ದೀರಿ, ಶನಿವಾರದೊಳಗೆ ಅಂಗಡಿ ಮುಚ್ಚಬೇಕು, ಯಾರಿಗೂ ಹೇಳಕೂಡದು, ತಪ್ಪಿದರೆ ಜೈಲು ಎಂದಿತ್ತು. ಅವಳು ಹೆದರಿ, ಶನಿವಾರ ಬೀಗದ ಕೈ ಒಪ್ಪಿಸುತ್ತೇನೆಂದು ಮಳಿಗೆಯ ಮಾಲೀಕನಿಗೆ ಮಾತು ಕೊಟ್ಟೂ ಆಗಿತ್ತು. ಆದರೂ ಹನ್ನೆರಡು ವರ್ಷದ ಅಂಗಡಿ, ಮನಸ್ಸು ತಡೆಯದೆ ಬಂದಿದ್ದಳು.

ದಫೇದಾರ ನೋಟಿಸನ್ನು ಎರಡು ಸಲ ಓದಿದ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಂಥ ಕಾಗದ ಎಷ್ಟೋ ನೋಡಿದ್ದ.

"ದುಡ್ಡು ಎಲ್ಲಿಗೆ ಕಟ್ಟಬೇಕಂತೆ?"

"ಅದೇನೂ ಬರೆದಿಲ್ಲ ಸಾರ್."

"ಸರ್ಕಾರದೋರ ಹತ್ರ ಹಟ ಯಾಕೆ, ಮುಚ್ಚಿಬಿಡು ಅಂದೆ," ಎಂದಳು ಅಕ್ಕ. "ನನ್ನ ಮಾತು ಎಲ್ಲಿ ಕೇಳ್ತಾಳೆ."

ಇನ್ಸ್‌ಪೆಕ್ಟರು ವಿಚಾರಿಸಿ ಬರಲು ಹೇಳಿದರು. ದಫೇದಾರ ಸೆಲ್ಯೂಟ್ ಹೊಡೆದ. ತನ್ನ ಕೈಕೆಳಗೇ ಕೆಲಸ ಕಲಿತ ಹುಡುಗ ಪರೀಕ್ಷೆ ಬರೆದು ಈಗ ಆ ಕುರ್ಚಿಯಲ್ಲಿ ಕೂತಿದ್ದ. ಪ್ರತಿ ಸೆಲ್ಯೂಟಿಗೂ ದಫೇದಾರನ ಹೊಟ್ಟೆಯಲ್ಲಿ ಒಂದು ಕೆಂಡ ಮಿಣಕ್ ಎನ್ನುತ್ತಿತ್ತು.

ತೆರಿಗೆ ಕಚೇರಿಯ ಗುಮಾಸ್ತ ನೋಟಿಸಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿ, ಇಂಥದ್ದು ತಮ್ಮಲ್ಲಿಂದ ಹೊರಟೇ ಇಲ್ಲವೆಂದ. ನಿಜವಾದ ನೋಟಿಸಾದರೆ ಸಂಖ್ಯೆ ಇಲ್ಲಿ ಸಿಗುತ್ತದೆ, ಯಾರು ಬೇಕಾದರೂ ಬಂದು ಕೇಳಬಹುದು ಎಂದೂ ಹೇಳಿದ.

"ಜನ ನೋಟಿಸಿನಲ್ಲಿರೋ ನಂಬರಿಗೇ ಫೋನ್ ಮಾಡಿ, ಇದು ನಿಜಾನಾ ಅಂತಾರೆ. ಕಳ್ಳನ ಬಾಗಿಲು ತಟ್ಟಿ ಕಳ್ಳ ನೀನೇನಪ್ಪಾ ಅಂತ ಕೇಳಿದ ಹಾಗೆ."

ಮಧ್ಯಾಹ್ನ ಹನ್ನೆರಡೂವರೆಗೆ ಎಫ್‌ಐಆರ್ ದಾಖಲಾಯಿತು. ಠಾಣೆಯ ಸ್ಟೇಪ್ಲರಿನಲ್ಲಿ ಪಿನ್ನು ಮುಗಿದಿತ್ತು. ದಫೇದಾರ ಗುಂಡುಸೂಜಿಯ ಡಬ್ಬಿ ಮುಂದೆ ತಳ್ಳಿದ. ತಂಗಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದುದರಿಂದ ದೂರಿನ ಹಾಳೆಗಳನ್ನು ಅಕ್ಕನೇ ಸೇರಿಸಿ ಚುಚ್ಚಿಕೊಟ್ಟಳು. ಅವರು ಹೋದ ಮೇಲೆ ದಫೇದಾರ ಬೆರಳಾಡಿಸಿ ನೋಡಿದ. ಸೂಜಿಯ ತಲೆ ಇತ್ತು, ಮೊನೆ ಸಿಗಲಿಲ್ಲ. ಅದು ಎರಡು ಹಾಳೆಗಳ ನಡುವೆ ಅಡಗಿತ್ತು. ನೋಟಿಸನ್ನು ತೆಗೆದು ನೋಡಿದರೆ ಅದರಲ್ಲೂ ಹಾಗೇ.

ಮಂಗಳವಾರ ಅವನೊಬ್ಬನೇ ತಂಗಿಯ ಅಂಗಡಿಗೆ ಹೋಗಿ, ಅಲ್ಲಿನ ಬಟ್ಟೆಗಳಲ್ಲೂ ಸೂಜಿಯ ಮೊನೆ ಅಡಗಿದ್ದು ಕಂಡು, ಹೀಗೆ ಚುಚ್ಚುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ.

"ಅಪ್ಪ ಕಲಿಸಿದ್ದು. ತೊಡಿಸಿ ನೋಡೋವಾಗ ಗಿರಾಕಿಗೆ ಚುಚ್ಚಬಾರದು ಅಂತ. ಮೊನೆ ಕಂಡರೆ ಗೆಣ್ಣಿಗೆ ಏಟು."

"ಎಷ್ಟು ಜನಕ್ಕೆ ಕಲಿಸಿದರು?"

"ಅಕ್ಕನಿಗೆ, ನನಗೆ, ಇಬ್ಬರಿಗೇ." ಗೋಡೆಯ ಮೊಳೆಯಲ್ಲಿದ್ದ ದೊಡ್ಡ ಕತ್ತರಿ ತೋರಿಸಿದಳು. "ಅದು ಅಪ್ಪಂದು. ಹೋಗೋ ಮುಂಚೆ ನನ್ನ ಕೈಗೆ ಕೊಟ್ಟರು."

ದಫೇದಾರ ನೋಟಿಸನ್ನು ಅವಳ ಮುಂದಿಟ್ಟ. ಅವಳು ಅದರ ಸೂಜಿಯ ಮೇಲೆ ಬೆರಳಾಡಿಸಿ, ಕಾಗದವನ್ನು ಮಗುಚಿಟ್ಟಳು.

ಬುಧವಾರ ದಫೇದಾರ ಊರಿನ ಟೈಪಿಂಗ್ ಅಂಗಡಿಗಳಲ್ಲಿ ವಿಚಾರಿಸಿದಾಗ, ನೋಟಿಸು ಟೈಪು ಮಾಡಿಕೊಟ್ಟವನು ಫೋಟೋ ನೋಡಿ ಅಕ್ಕನ ಗುರುತು ಹಿಡಿದ. ಮಧ್ಯಾಹ್ನ ನಾಲ್ಕೂ ಕಾಲಿಗೆ ಇಬ್ಬರು ಪಂಚಸಾಕ್ಷಿಗಳ ಸಮಕ್ಷಮ ಅವಳ ಮನೆಯ ಪೆಟ್ಟಿಗೆ ತೆರೆದರು. ಅಪ್ಪನಿಗೆ ಎಂದೋ ಬಂದಿದ್ದ ನಿಜವಾದ ನೋಟಿಸು ಸಿಕ್ಕಿತು. ಅದರದೇ ಮೊಹರಿನ ನಕಲು ಸುಳ್ಳು ನೋಟಿಸಿಗೆ ಇಳಿದಿತ್ತು. ಪಂಚನಾಮೆ ಬರೆದು ಅವಳನ್ನು ಬಂಧಿಸಿದರು.

"ಮೊದಲು ಕಲಿತೋಳು ನಾನು," ಎಂದಳು ಅಕ್ಕ. "ಅಪ್ಪನ ಕೈ ನಡುಗೋಕೆ ಶುರುವಾದ ಮೇಲೆ ಬಟ್ಟೆ ಕತ್ತರಿಸಿ ಕೊಟ್ಟೋಳು ನಾನು. ಕತ್ತರಿ ಮಾತ್ರ ಅವಳಿಗೆ. ಆ ಬೀದೀಲಿ ಹೋದಾಗೆಲ್ಲ ಅದರ ಸದ್ದು ಕೇಳ್ತಿತ್ತು ಸಾರ್. ಅದು ನಿಲ್ಲಲಿ ಅನ್ನಿಸ್ತು, ಅಷ್ಟೇ."

ನಿಮಗೆ ಹೇಗೆ ಹೊಳೆಯಿತೆಂದು ಇನ್ಸ್‌ಪೆಕ್ಟರು ಆಮೇಲೆ ಕೇಳಿದರು. ಮೋಸಗಾರ ದುಡ್ಡು ಕೇಳದೆ ಬಿಡಲ್ಲ, ಹೊಟ್ಟೆಕಿಚ್ಚಿಗೆ ದುಡ್ಡಿನ ಗೊಡವೆ ಇರಲ್ಲ ಎಂದ ದಫೇದಾರ. ಅದು ತನಗೆ ಹೇಗೆ ಗೊತ್ತೆಂದು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ತಂಗಿ ಅಂಗಡಿ ತೆರೆದಿಟ್ಟೇ ಠಾಣೆಗೆ ಬಂದಳು. ಅಕ್ಕನ ರವಿಕೆಯ ಕತ್ತಿನ ಗುಂಡಿ ಕಿತ್ತುಹೋಗಿತ್ತು. ತಂಗಿ ಅಲ್ಲಿಗೊಂದು ಗುಂಡುಸೂಜಿ ಹಾಕಿದಳು, ಮೊನೆಯನ್ನು ಬಟ್ಟೆಯೊಳಗೆ ಮರೆಮಾಡಿ. ಗುರುವಾರ ಹತ್ತೂವರೆಗೆ ಅಕ್ಕ ಜೀಪು ಹತ್ತಿ ನ್ಯಾಯಾಲಯಕ್ಕೆ ಹೋದಳು.